ಡೀಸೆಲ್‌ನ ಗಂಧಕ: ಗುಣಿಸಬೇಕೋ, ಭಾಗಿಸಬೇಕೋ?

2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಭಾರತ್ ಸ್ಟೇಜ್ 6 (ವಾಹನದ ಹೊಗೆಗೆ ಸರ್ಕಾರ ಇಟ್ಟ ಮಿತಿಗಳ ಆರನೇ ಹಂತ) ಇಂಧನ. ಪೆಟ್ರೋಲ್ ಆಗಲಿ, ಡೀಸೆಲ್ ಆಗಲಿ, ಗಂಧಕ ಕಿಲೋಗೆ 10 ಮಿಲಿಗ್ರಾಂ ದಾಟಬಾರದು. ಸ್ಟೇಜ್ 4ರಲ್ಲಿ ಇದು 50 ಇತ್ತು.

ಅಳೆಯಲು ನಾವು ಓದುವ ವಿಧಾನ ಯುವಿ ಫ್ಲೋರೆಸೆನ್ಸ್, ಅಂದರೆ ನೇರಳಾತೀತ ಬೆಳಕು ಬಿಟ್ಟಾಗ ಬರುವ ಹೊಳಪು ಅಳೆಯುವುದು; ಪರೀಕ್ಷಾ ಮಾನದಂಡದ ಹೆಸರು ಎಎಸ್‌ಟಿಎಂ ಡಿ5453. ಸಿರಿಂಜ್‌ನಲ್ಲಿ ಕೆಲವು ಮೈಕ್ರೋಲೀಟರ್ ಇಂಧನವನ್ನು ಸುಮಾರು 1000 ಡಿಗ್ರಿ ಕುಲುಮೆಗೆ ಬಿಟ್ಟು ಆಮ್ಲಜನಕದಲ್ಲಿ ಸುಡುತ್ತಾರೆ. ಗಂಧಕ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಮಂಡ್ಯ ಕಡೆಯವರಿಗೆ ಈ ಅನಿಲ ಹೊಸದಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲಿ ಅಂತ ಗಂಧಕ ಸುಟ್ಟು ಇದನ್ನೇ ಹಾಯಿಸುತ್ತಾರೆ. ನಮ್ಮ ಉಪಕರಣದಲ್ಲಿ ನೀರಾವಿ ತೆಗೆದು ಯುವಿ ಬೆಳಕು ಬಿಟ್ಟರೆ ಅನಿಲ ಹೊಳೆಯುತ್ತದೆ. ಹೊಳಪು ಜಾಸ್ತಿ ಅಂದರೆ ಗಂಧಕ ಜಾಸ್ತಿ.

ನಾನು ಎರಡು ದಿನ ಒದ್ದಾಡಿದ್ದು ಇದರ ಮುಂದೆ. ಸಿರಿಂಜ್ ಅಳೆಯುವುದು ಗಾತ್ರವನ್ನು. ಹೋಲಿಕೆಗೆ ಬಳಸುವ ಸ್ಟ್ಯಾಂಡರ್ಡ್ (ಗಂಧಕ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ) ಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ ಮಾಡಿದ್ದರೆ ಉತ್ತರವೂ ಲೀಟರ್ ಲೆಕ್ಕದಲ್ಲೇ ಬರುತ್ತದೆ. ಆದರೆ ಮಿತಿ ಇರುವುದು ಕಿಲೋ ಲೆಕ್ಕದಲ್ಲಿ!

ಡೀಸೆಲ್‌ನಲ್ಲಿ ಲೀಟರ್‌ಗೆ 8.7 ಮಿಲಿಗ್ರಾಂ ಬಂತು ಅನ್ನಿ. ಹತ್ತಕ್ಕಿಂತ ಕಡಿಮೆ, ಪಾಸ್ ಅಂತ ಬರೆದುಬಿಟ್ಟಿದ್ದೆ. ತಪ್ಪು. ಸಾಂದ್ರತೆ (ಒಂದು ಲೀಟರ್ ಎಷ್ಟು ಕಿಲೋ) ಸೇರಿಸಬೇಕು ಅಂತ ಗೊತ್ತಾದ ಮೇಲೂ ಸುಮ್ನೆ 0.83ರಿಂದ ಗುಣಿಸಿದೆ. ಅದೂ ತಪ್ಪು. ಮೈಸೂರಿನ ಸರಸ್ವತಿಪುರಂನ ಅಂಗಡಿಯಲ್ಲಿ ಅಡುಗೆ ಎಣ್ಣೆ ಪ್ಯಾಕೆಟ್ ನೋಡಿದಾಗ ಬಿಡಿಸಿಕೊಂಡಿತು. 1 ಲೀಟರ್ ಅಂತಿದೆ, ಪಕ್ಕದಲ್ಲೇ 910 ಗ್ರಾಂ. ಡೀಸೆಲ್ ಇನ್ನೂ ಹಗುರ, ಲೀಟರ್‌ಗೆ ಸುಮಾರು 0.83 ಕಿಲೋ. ಆ 0.83 ಕಿಲೋದಲ್ಲೇ 8.7 ಮಿಲಿಗ್ರಾಂ ಗಂಧಕ ಇದೆ. ಪೂರ್ತಿ ಒಂದು ಕಿಲೋದಲ್ಲಿ ಇನ್ನೂ ಜಾಸ್ತಿ ಇರಲೇಬೇಕು ಅಲ್ವಾ? ಹಾಗಾಗಿ ಭಾಗಿಸಿ: 10.5. ಫೇಲ್. ಅದೇ 8.7 ಪೆಟ್ರೋಲ್‌ಗೆ ಬಂದಿದ್ದರೆ, 0.74ರಿಂದ ಭಾಗಿಸಿದಾಗ 11.8.

ನೀರಿನ ಹಾಗೆ ಲೀಟರ್ ಅಂದರೆ ಕಿಲೋ ಅನ್ನುವ ಅಭ್ಯಾಸವೇ ಇದಕ್ಕೆಲ್ಲ ಕಾರಣ. ನಾನೀಗ ಉತ್ತರದ ಪಕ್ಕ 'ಹಗುರ ಇಂಧನ, ಸಂಖ್ಯೆ ಏರಬೇಕು' ಅಂತ ಬರೆದುಕೊಂಡೇ ಮುಂದೆ ಹೋಗುತ್ತೇನೆ.

ಸ್ಟ್ಯಾಂಡರ್ಡ್ ತೂಗುವಾಗಲೂ ಇಂಥದ್ದೇ ಎಡವುವ ಜಾಗ ಒಂದಿದೆ. ಸ್ಟ್ಯಾಂಡರ್ಡ್ ಮಾಡಲು ಬಳಸುವ ಗಂಧಕದ ಸಂಯುಕ್ತ ಡೈಬೆಂಜೊಥಯೊಫೀನ್‌ನಲ್ಲಿ ಗಂಧಕ ಶೇ. 17.4 ಮಾತ್ರ. 100 ಮಿಲಿಲೀಟರ್ ಫ್ಲಾಸ್ಕಿಗೆ 10 ಮಿಲಿಗ್ರಾಂ ಗಂಧಕ ಬೇಕಿದ್ದರೆ ಪುಡಿ 57.5 ಮಿಲಿಗ್ರಾಂ ಹಾಕಬೇಕು.

ಈ ವಿಧಾನ ಕೊಡುವುದು ಒಟ್ಟು ಗಂಧಕ. ಯಾವ ಸಂಯುಕ್ತ ಎಷ್ಟಿದೆ ಅಂತ ಬೇಕಾದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ (ಮಿಶ್ರಣದ ಸಂಯುಕ್ತಗಳನ್ನು ಬೇರೆ ಬೇರೆ ಮಾಡುವ ವಿಧಾನ) ಗಂಧಕ ಗುರುತಿಸುವ ಡಿಟೆಕ್ಟರ್ ಜೋಡಿಸಬೇಕು.