ಶೇ 88 ಗುಣಮುಖ: ಭಾಗಿಸಿದ್ದು ಯಾವುದರಿಂದ?

ತೀವ್ರ ಅಪೌಷ್ಟಿಕತೆಯ ಚಿಕಿತ್ಸಾ ಕಾರ್ಯಕ್ರಮ ಹೇಗೆ ನಡೆಯುತ್ತಿದೆ ಎಂದು ಕೇಳಿದರೆ ವರದಿಯಲ್ಲಿ ಮೊದಲು ಕಾಣುವುದು ಗುಣಮುಖರ ಪ್ರಮಾಣ. ಆ ಸಂಖ್ಯೆ ನೋಡಿದ ತಕ್ಷಣ ಕೇಳಬೇಕಾದದ್ದು, ಛೇದದಲ್ಲಿ ಏನಿದೆ?

ದಾಖಲಾದ ಮಕ್ಕಳಲ್ಲ, ಹೊರಹೋದ ಮಕ್ಕಳು. ಇನ್ನೂ ಚಿಕಿತ್ಸೆಯಲ್ಲಿರುವ ಮಗು ಏನಾಗುತ್ತದೋ ಗೊತ್ತಿಲ್ಲ, ಅದನ್ನು ಈಗಲೇ ಲೆಕ್ಕಕ್ಕೆ ತಗೊಳ್ಳುವ ಹಾಗಿಲ್ಲ ಅಲ್ವಾ? ಹೊರಹೋದವರಲ್ಲಿ ನಾಲ್ಕು ಗುಂಪು: ಗುಣಮುಖರು, ಸತ್ತವರು, ಅರ್ಧಕ್ಕೆ ಬಿಟ್ಟವರು, ಚಿಕಿತ್ಸೆ ಮುಗಿದರೂ ಚೇತರಿಸದವರು. ಬೇರೆ ಕೇಂದ್ರಕ್ಕೆ ಕಳಿಸಿದ ಮಕ್ಕಳು ಇದರಲ್ಲಿ ಸೇರುವುದಿಲ್ಲ, ಅವರ ಚಿಕಿತ್ಸೆ ಇನ್ನೂ ಮುಗಿದಿಲ್ಲ.

ಒಂದು ಲೆಕ್ಕ ಮಾಡೋಣ (ಸಂಖ್ಯೆಗಳು ಅಭ್ಯಾಸಕ್ಕೆ ಮಾತ್ರ). ಹೊರಹೋದವರು 120. ಗುಣಮುಖರು 88, ಸಾವು 4, ಬಿಟ್ಟುಹೋದವರು 20, ಚೇತರಿಸದವರು 8. ಗುಣಮುಖರು ಶೇ 73.3, ಸಾವು ಶೇ 3.3, ಬಿಟ್ಟವರು ಶೇ 16.7. ಪರಿಹಾರ ಕಾರ್ಯಗಳಿಗೆ ಕನಿಷ್ಠ ಮಾನದಂಡ ಹೇಳುವ ಅಂತರರಾಷ್ಟ್ರೀಯ ಸ್ಫಿಯರ್ ಕೈಪಿಡಿ ಕೇಳುವುದು ಗುಣಮುಖರು ಶೇ 75ಕ್ಕಿಂತ ಜಾಸ್ತಿ, ಸಾವು ಶೇ 10ಕ್ಕಿಂತ ಕಡಿಮೆ, ಬಿಟ್ಟವರು ಶೇ 15ಕ್ಕಿಂತ ಕಡಿಮೆ. ಅಂದರೆ ಸಾವಿನಲ್ಲಿ ಪಾಸು, ಉಳಿದೆರಡರಲ್ಲಿ ಫೇಲು. ಈಗ ಯಾರೋ 'ಬಿಟ್ಟುಹೋದವರಿಗೆ ನಾವೇನು ಮಾಡೋದು' ಎಂದು ಆ 20 ಮಕ್ಕಳನ್ನು ಸುಮ್ನೆ ಛೇದದಿಂದ ತೆಗೆದರೆ 100ರಲ್ಲಿ 88, ಶೇ 88! ಒಂದು ಮಗುವೂ ಹೆಚ್ಚಿಗೆ ಗುಣವಾಗಿಲ್ಲ. ಬಿಟ್ಟುಹೋದವರಲ್ಲಿ ಕೆಲವರು ಮನೆಯಲ್ಲೇ ಸತ್ತಿರಲೂಬಹುದು, ಹಾಗಾಗಿ ಬಿಟ್ಟವರ ಪ್ರಮಾಣ ಹೆಚ್ಚಿದ್ದು ಸಾವು ತೀರಾ ಕಡಿಮೆ ಇದ್ದರೆ ನನಗಂತೂ ಅನುಮಾನ. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಿಬಂದರೆ ಮಾತ್ರ ನಿಜ ತಿಳಿಯುತ್ತದೆ.

'ಗುಣಮುಖ' ಎಂದು ಯಾರು ಯಾವಾಗ ಬರೆಯುತ್ತಾರೆ ಎನ್ನುವುದೂ ಮುಖ್ಯ. ನಮ್ಮ ಜಿಲ್ಲಾಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಾದ ಎನ್‌ಆರ್‌ಸಿಗಳಿಗಾಗಿ 2011ರಲ್ಲಿ ಬಂದ ಕೇಂದ್ರ ಸರ್ಕಾರದ ಮಾರ್ಗಸೂಚಿ ಶೇ 15 ತೂಕ ಏರಿಕೆಯನ್ನು ಅಳತೆಗೋಲಾಗಿ ಇಟ್ಟಿತ್ತು. 5 ಕೆ.ಜಿ. ಮಗು 5.75 ತಲುಪಿದರೆ ಸಾಕು, ಆದರೆ ಮೊದಲೇ ತುಂಬಾ ಸೊರಗಿದ್ದ ಮಗು ಅಷ್ಟು ಏರಿದ ಮೇಲೂ ಸೊರಗಿಯೇ ಇರಬಹುದು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶೇಕಡಾವಾರು ಏರಿಕೆ ಬೇಡ, ತೋಳಿನ ಸುತ್ತಳತೆ 125 ಮಿ.ಮೀ. ಅಥವಾ ಎತ್ತರಕ್ಕೆ ತಕ್ಕ ತೂಕ ನೋಡಿ, ಎರಡು ವಾರ ಬಾವು (ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವುದು) ಇಲ್ಲದಿರಲಿ ಎಂದಿತು. ಆದ್ದರಿಂದ ಬೇರೆ ಬೇರೆ ಅಳತೆಗೋಲು ಇಟ್ಟ ಎರಡು ಕೇಂದ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ತೂಕ ಏರಿಕೆಯ ವೇಗವನ್ನು ದಿನಕ್ಕೆ ಪ್ರತಿ ಕೆ.ಜಿ.ಗೆ ಇಷ್ಟು ಗ್ರಾಂ ಎಂದು ಬರೆಯುತ್ತಾರೆ. 6 ಕೆ.ಜಿ. ಮಗು 30 ದಿನದಲ್ಲಿ 900 ಗ್ರಾಂ ಏರಿದರೆ 900 ÷ (6 × 30) = 5. ಬಾವು ಇರುವ ಮಕ್ಕಳನ್ನು ಈ ಸರಾಸರಿಗೆ ಸೇರಿಸಬೇಡಿ, ನೀರು ಇಳಿಯುವಾಗ ಅವರ ತೂಕ ಮೊದಲು ಕಡಿಮೆಯಾಗುತ್ತದೆ.

ಇಷ್ಟೆಲ್ಲಾ ಸರಿಯಿದ್ದರೂ ಇದು ಬಾಗಿಲವರೆಗೆ ಬಂದ ಮಕ್ಕಳ ಕಥೆ ಮಾತ್ರ. ಬರದವರನ್ನೂ ಲೆಕ್ಕಕ್ಕೆ ತರುವುದು ಕವರೇಜ್, ಅಂದರೆ ಚಿಕಿತ್ಸೆ ಬೇಕಾದ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಸಿಗುತ್ತಿದೆ ಎನ್ನುವ ಪ್ರಮಾಣ. ಸ್ಫಿಯರ್ ಪ್ರಕಾರ ಹಳ್ಳಿಗಳಲ್ಲಿ ಶೇ 50, ಪಟ್ಟಣದಲ್ಲಿ ಶೇ 70, ನಿರಾಶ್ರಿತರ ಶಿಬಿರದಲ್ಲಿ ಶೇ 90 ದಾಟಬೇಕು. ಗುಣಮುಖರು ಶೇ 90, ಕವರೇಜ್ ಶೇ 30 ಇದ್ದರೆ ಗುಣಿಸಿ ನೋಡಿ, ನೂರು ಕಾಯಿಲೆ ಮಕ್ಕಳಲ್ಲಿ ಗುಣವಾಗುವುದು 27. ಗುಣಮುಖರು ಶೇ 78, ಕವರೇಜ್ ಶೇ 60 ಇದ್ದರೆ ಸುಮಾರು 47. ನನ್ನ ಆಯ್ಕೆ ಎರಡನೆಯದೇ.

ಕವರೇಜ್ ಅಳೆಯುವುದು ಸುಲಭವಲ್ಲ. ಇಂಥ ಮಕ್ಕಳು ನೂರರಲ್ಲಿ ಕೆಲವರೇ ಇರುವುದರಿಂದ ಮಾಮೂಲಿ ಸಮೀಕ್ಷೆಯಲ್ಲಿ ಸಿಗುವುದು ಬೆರಳೆಣಿಕೆಯಷ್ಟು. ಅದಕ್ಕೇ ಕವರೇಜ್ ಅಳೆಯಲೆಂದೇ ಇರುವ ಸ್ಕ್ವೀಕ್‌ನಂಥ ವಿಧಾನದಲ್ಲಿ ಊರಿನವರನ್ನು, ಸೂಲಗಿತ್ತಿಯರನ್ನು ಕೇಳಿಕೊಂಡು ಒಂದು ಮಗುವಿನಿಂದ ಇನ್ನೊಂದು ಮಗುವಿನ ಮನೆ ಹುಡುಕುತ್ತಾ ಹೋಗುತ್ತಾರೆ. ಚಿಕಿತ್ಸೆಗೆ ಬರದ ಮಗು ಸಿಕ್ಕರೆ ತಾಯಿಯನ್ನು ಯಾಕೆ ಬರಲಿಲ್ಲಮ್ಮಾ ಎಂದು ಕೇಳುತ್ತಾರೆ. ದೂರ, ಕೂಲಿ ತಪ್ಪುತ್ತದೆ, ಮನೆಯಲ್ಲಿ ಇನ್ನೊಂದು ಮಗುವಿದೆ, ಇದು ಕಾಯಿಲೆ ಅಂತಲೇ ಗೊತ್ತಿರಲಿಲ್ಲ: ಈ ಉತ್ತರಗಳನ್ನು ಎಣಿಸಿ ಜಾಸ್ತಿಯಿಂದ ಕಡಿಮೆಗೆ ಜೋಡಿಸಿದರೆ ಕಾರ್ಯಕ್ರಮ ಮೊದಲು ಎಲ್ಲಿ ಕೈಹಾಕಬೇಕು ಎನ್ನುವುದು ಸಿಗುತ್ತದೆ.