ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ

ಬಸವನಗುಡಿಯ ಒಂದು ಮೆಡಿಕಲ್ ಶಾಪ್, ಸಂಜೆ ಏಳರ ಹೊತ್ತು. ನನ್ನ ಮುಂದೆ ನಿಂತಿದ್ದ ಹುಡುಗಿಯ ಕೊರಳಲ್ಲಿ ಇನ್ನೂ ಆಫೀಸಿನ ಐಡಿ ಕಾರ್ಡ್ ಇತ್ತು. ಒಂದು ಕೈ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು, ಇನ್ನೊಂದು ಕಿಬ್ಬೊಟ್ಟೆಯ ಮೇಲಿತ್ತು. 'ಹೊಟ್ಟೆನೋವಿಗೆ ಏನಾದ್ರೂ ಕೊಡಿ ಅಣ್ಣ' ಎಂದಳು. ಅಂಗಡಿಯವರು ತಲೆ ಎತ್ತದೆಯೇ 'ಗ್ಯಾಸ್ಟ್ರಿಕ್ಕಾ?' ಎಂದರು. ಅವಳು ಹಿಂದೆ ನಿಂತಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿ 'ಹೂಂ' ಅಂದುಬಿಟ್ಟಳು.

ನಮ್ಮೂರಲ್ಲಿ ಎದೆಯಿಂದ ತೊಡೆಯವರೆಗಿನ ಎಲ್ಲ ನೋವಿಗೂ ಗ್ಯಾಸ್ಟ್ರಿಕ್ ಅಂತಲೇ ಹೆಸರು. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಕಿಬ್ಬೊಟ್ಟೆ ಸಂಜೆಯ ಬಿಎಂಟಿಸಿ ಬಸ್ಸಿನ ಹಾಗೆ. ಮುಷ್ಟಿಯಷ್ಟು ದೊಡ್ಡ ಗರ್ಭಕೋಶ, ಅದರ ಮುಂದೆ ಮೂತ್ರಕೋಶ, ಹಿಂದೆ ದೊಡ್ಡ ಕರುಳಿನ ಕೊನೆ, ಅಕ್ಕಪಕ್ಕ ಅಂಡಾಶಯಗಳು, ಬಲಕ್ಕೆ ಅಪೆಂಡಿಕ್ಸ್, ಕೆಳಗೆ ಇವನ್ನೆಲ್ಲ ತೊಟ್ಟಿಲಿನಂತೆ ಹೊತ್ತ ಸ್ನಾಯುಗಳು.

ಸೊಳ್ಳೆ ಕಚ್ಚಿದರೆ ಕಣ್ಣು ಮುಚ್ಚಿಕೊಂಡೂ ಜಾಗ ತೋರಿಸುತ್ತೇವೆ, ಅಲ್ವಾ? ಒಳಗಿನ ಅಂಗಗಳದ್ದು ಹಾಗಲ್ಲ. ಅಲ್ಲಿ ನೋವಿನ ನರಗಳು ಕಡಿಮೆ. ಇರುವವೂ ಬೆನ್ನುಹುರಿಗೆ ಒಂದೇ ದಾರಿಯಲ್ಲಿ ಒಟ್ಟಿಗೆ ನುಗ್ಗುತ್ತವೆ. ಸುದ್ದಿ ಗರ್ಭಕೋಶದ್ದೋ ಕರುಳಿನದ್ದೋ ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಅದು ಪೂರ್ತಿ ದಾರಿ ತಪ್ಪುತ್ತದೆ. ಗರ್ಭ ಅಂಡನಾಳದಲ್ಲಿ ನಿಂತು ನಾಳ ಒಡೆದರೆ ರಕ್ತ ಹೊಟ್ಟೆಯೊಳಗೆ ಹರಡಿ, ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಹೆಗಲಿನ ನರವೂ ಕುತ್ತಿಗೆಯ ಹತ್ತಿರ ಒಂದೇ ಜಾಗದಲ್ಲಿ ಬೆನ್ನುಹುರಿ ಸೇರುತ್ತವೆ. ಹಾಗಾಗಿ ನೋವು ಹೆಗಲಿಗೆ ಬರುತ್ತದೆ! ಅದಕ್ಕೇ ಎಲ್ಲಿ ನೋವು ಅನ್ನುವುದಕ್ಕಿಂತ ಯಾವಾಗ, ಯಾವುದರ ಜೊತೆ ಅನ್ನುವುದು ಡಾಕ್ಟರಿಗೆ ಜಾಸ್ತಿ ಉಪಯೋಗ.

ಮುಟ್ಟಿನ ಮೊದಲೆರಡು ದಿನದ ನೋವಿಗೆ ಮುಖ್ಯ ಕಾರಣ ಪ್ರೋಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ. ಅದು ಗರ್ಭಕೋಶವನ್ನು ಹಿಂಡುತ್ತದೆ, ರಕ್ತ ಸಂಚಾರ ಕಮ್ಮಿಯಾಗಿ ನೋವು ಏಳುತ್ತದೆ. ಮೆಫೆನಮಿಕ್ ಆಸಿಡ್‌ನಂಥ ಮಾತ್ರೆ ಇದರ ತಯಾರಿಯನ್ನೇ ತಡೆಯುವುದರಿಂದ, ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಂತ ಸುಮ್ನೆ ನುಂಗುತ್ತಾ ಹೋಗುವ ಮಾತ್ರೆಯಲ್ಲ. ಇದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು ಔಷಧಗಳ ಗುಣಮಟ್ಟ, ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿದೆ. ಮಾತ್ರೆ ತೆಗೆದುಕೊಂಡ ಮೇಲೆ ಮೈಮೇಲೆ ದದ್ದು, ಜ್ವರ ಬಂದರೆ ನಿಲ್ಲಿಸಿ ಡಾಕ್ಟರನ್ನು ನೋಡಿ.

ಮಾತ್ರೆಗೂ ಬಗ್ಗದ ನೋವು ಬೇರೆ. ವರ್ಷದಿಂದ ವರ್ಷಕ್ಕೆ ಹೆಚ್ಚುವುದು, ಮುಟ್ಟಿಗೆ ಕೆಲವು ದಿನ ಮುಂಚೆಯೇ ಶುರುವಾಗುವುದು, ಗಂಡ-ಹೆಂಡತಿ ಸೇರುವಾಗ ಅಥವಾ ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ಚುಚ್ಚುವುದು. ಇದು ಎಂಡೋಮೆಟ್ರಿಯೋಸಿಸ್ ಇರಬಹುದು. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆಲ್ಲೋ ಬೆಳೆಯುವ ಕಾಯಿಲೆ. ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಹೆಂಗಸರಿಗೆ ಇದು ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸ್ಕ್ಯಾನ್ ನಾರ್ಮಲ್ ಬಂದರೂ ಇದು ಇರಬಹುದು. ನನ್ನ ಚಿಕ್ಕಮ್ಮನ ಮಗಳಿಗೆ ಸ್ಕ್ಯಾನ್ ನೋಡಿದವರು 'ಏನೂ ಇಲ್ಲ' ಅಂದರು, ಮನೆಯವರು 'ಮದುವೆ ಆದ್ರೆ ಸರಿಹೋಗುತ್ತೆ' ಅಂದರು. ಮದುವೆಯೂ ಆಯಿತು, ನೋವು ಹೋಗಲಿಲ್ಲ.

ಫೈಬ್ರಾಯ್ಡ್ ಅನ್ನುವ ಗರ್ಭಕೋಶದ ಗಡ್ಡೆ, ಮೂತ್ರದ ಸೋಂಕು, ಕಿಡ್ನಿ ಸ್ಟೋನ್, ಬಿಗಿದುಕೊಂಡ ಸ್ನಾಯುಗಳು, ಇವೂ ಅದೇ ಜಾಗದಲ್ಲಿ ನೋಯುತ್ತವೆ. ಆರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ್ದು ಎನ್ನುತ್ತಾರೆ. ಅಷ್ಟು ಹೊತ್ತಿಗೆ ನರಗಳೇ ಸೂಕ್ಷ್ಮವಾಗಿ, ಸಣ್ಣ ಒತ್ತಡಕ್ಕೂ ಕೂಗಬಹುದು. ಹಾಗಾಗಿ ಅಲ್ಲಿಯತನಕ ಕಾಯುವುದು ಬೇಡ.

ಬೆಳಗಾಗಲಿ ಎಂದೂ ಕಾಯಬಾರದ ನೋವುಗಳಿವೆ. ಮುಟ್ಟು ತಪ್ಪಿದ ಮೇಲೆ ಒಂದು ಪಕ್ಕ ನೋವು, ತಲೆಸುತ್ತು: ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಇದ್ದಕ್ಕಿದ್ದಂತೆ ಒಂದು ಪಕ್ಕ ಹಿಂಡುವ ನೋವು, ಜೊತೆಗೆ ವಾಂತಿ: ಅಂಡಾಶಯ ತಿರುಚಿಕೊಂಡಿರಬಹುದು. ಜ್ವರದ ಜೊತೆ ಕೆಟ್ಟ ವಾಸನೆಯ ಬಿಳಿಸೆರಗು. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ. ಇಂಥ ಹೊತ್ತಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನೆಸಿಕೊಂಡು ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಚಿಕ್ಕಮ್ಮನ ಮಗಳು ಕೊನೆಗೆ ಮಾಡಿದ್ದು ಇಷ್ಟೇ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ನೋವು ಬಂದ ದಿನಗಳಿಗೆ ಕೆಂಪು ಚುಕ್ಕಿ ಇಟ್ಟಳು. ಮೂರು ತಿಂಗಳಾದ ಮೇಲೆ ಅದನ್ನೇ ಮೊಳೆಯಿಂದ ಕಿತ್ತುಕೊಂಡು ಹೊಸ ಡಾಕ್ಟರ್ ಹತ್ತಿರ ಹೋದಳು. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ಆಮೇಲೆ, 'ಇದರಲ್ಲಿ ಹಾಲು ಯಾವುದಮ್ಮ, ನೋವು ಯಾವುದು?' ಎಂದು ಕೇಳಿದರು.