ವರ್ಚುವಲ್ ಮಷೀನಿನ ‘ಲಿಂಕ್ ಸ್ಪೀಡ್’: ಆ ನಂಬರ್ ಎಲ್ಲಿಂದ ಬರ್ತೈತಿ, ಎಷ್ಟು ನಂಬಬೇಕು

ಗಂಗಾವತಿ, ಸಿಂಧನೂರು ಕಡೆ ರೈಸ್ ಮಿಲ್ ಆಫೀಸುಗಳಾಗ ಈಗ ಒಂದ ಸರ್ವರ್ ತಂದಿಟ್ಟು ಅದರೊಳಗ ಮೂರ್ನಾಲ್ಕು ವರ್ಚುವಲ್ ಮಷೀನ್ (ವಿಎಂ, ಸಾಫ್ಟ್‌ವೇರಿನಾಗ ಮಾಡಿದ ಕಂಪ್ಯೂಟರ್) ಓಡಸ್ತಾರ, ಒಂದ್ರಾಗ ಟ್ಯಾಲಿ, ಒಂದ್ರಾಗ ವೇ ಬ್ರಿಜ್ ಸಾಫ್ಟ್‌ವೇರ್, ಇನ್ನೊಂದ್ರಾಗ ಬ್ಯಾಕಪ್. ಅದನ್ನ ನೋಡಿಕೊಳ್ಳೋ ಹುಡುಗ್ರು ಕೇಳೋ ಪ್ರಶ್ನೆ ಒಂದ: ಸ್ವಿಚ್ಚು 1 ಗಿಗಾದ್ದು, ಸರ್ವರಿನ ನೆಟ್‌ವರ್ಕ್ ಕಾರ್ಡೂ 1 ಗಿಗಾದ್ದು, ಹಂಗಿದ್ರ ವಿಂಡೋಸ್ ವಿಎಂ ಒಳಗ ನೆಟ್‌ವರ್ಕ್ ಸ್ಟೇಟಸ್ ತೆಗೆದ್ರ 10.0 ಜಿಬಿಪಿಎಸ್ (ಸೆಕೆಂಡಿಗೆ 10 ಗಿಗಾಬಿಟ್) ಅಂತ ಯಾಕ ಬರ್ತೈತಿ, ಪಕ್ಕದ ಲಿನಕ್ಸ್ ವಿಎಂ ಒಳಗ ಇಥ್‌ಟೂಲ್ ಅನ್ನೋ ಕಮಾಂಡ್ ಹೊಡೆದ್ರ ಸ್ಪೀಡ್ ಜಾಗದಾಗ ‘ಅನ್‌ನೋನ್’ ಅಂತ ಯಾಕ ಬರ್ತೈತಿ? ಎರಡೂ ಕಡೆ ಏನೂ ಕೆಟ್ಟಿಲ್ರಿ. ಲಿಂಕ್ ಸ್ಪೀಡ್ ಅನ್ನೋದು ವಿಎಂ ಒಳಗ ಅಳೆದು ಹೇಳಿದ ನಂಬರ್ ಅಲ್ಲ, ಹಿಂಗ ಹೇಳು ಅಂತ ಮೊದ್ಲ ಬರೆದಿಟ್ಟ ನಂಬರ್.

ನಿಜವಾದ ಕಾರ್ಡಿನಾಗ ಈ ನಂಬರಿಗೆ ಬೆಲೆ ಐತಿ. ಕೇಬಲ್ ಚುಚ್ಚಿದ ಕೂಡ್ಲೆ ಕಾರ್ಡೂ ಸ್ವಿಚ್ಚೂ ತಮ್ಮೊಳಗ ಮಾತಾಡ್ಕೊಂಡು, ನನಗ 10, 100, 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, 1000 ಅಂದ್ರ 1 ಗಿಗಾ) ಬರ್ತೈತಿ ನಿನಗ ಏನೇನು ಬರ್ತೈತಿ ಅಂತ ಕೇಳ್ಕೊಂಡು, ಇಬ್ಬರಿಗೂ ಬರೋದ್ರಾಗ ದೊಡ್ಡದನ್ನ ಆರಸ್ಕೊಂತಾವ, ಇದಕ್ಕ ಆಟೋ ನೆಗೋಶಿಯೇಶನ್ ಅಂತಾರ. ಗಿಗಾಬಿಟ್‌ಗೆ ಕೇಬಲಿನ ನಾಕೂ ಜೋಡಿ ತಂತಿ ಬೇಕು, 100ಕ್ಕ ಎರಡ ಜೋಡಿ ಸಾಕು, ಹಂಗಾಗಿ ಇಲಿ ಕಡಿದೋ ಕ್ರಿಂಪ್ ಸಡಿಲಾಗಿಯೋ ಒಂದು ಜೋಡಿ ಹೋದ್ರ ಲಿಂಕ್ ಎಷ್ಟೋ ಸಲ 100ಕ್ಕ ಇಳೀತೈತಿ, ನಂಬರ್ ನೋಡಿನ ಕೇಬಲ್ ಕೆಟ್ಟೈತಿ ಅಂತ ಹೇಳಬಹುದು. ವಿಎಂ ಒಳಗ ಕೇಬಲ್ಲ ಇಲ್ಲಲ್ರಿ. ಅಲ್ಲಿರೋದು ಸಾಫ್ಟ್‌ವೇರಿನಾಗ ಮಾಡಿದ ಕಾರ್ಡು, ಡ್ರೈವರ್ ಬಂದು ‘ಸ್ಪೀಡ್ ಎಷ್ಟು’ ಅಂತ ಕೇಳಿದ್ರ ಹೈಪರ್‌ವೈಸರ್, ಅಂದ್ರ ವಿಎಂಗಳನ್ನ ಓಡಸೋ ಸಾಫ್ಟ್‌ವೇರ್, ಮೊದ್ಲ ಬರೆದಿಟ್ಟ ಉತ್ತರ ಕೊಡ್ತೈತಿ, ಇಲ್ಲಾ ಏನೂ ಹೇಳೋದಿಲ್ಲ.

ಯಾವ ಕಾರ್ಡು ಆರಿಸಿದ್ರ ಯಾವ ಉತ್ತರ ಅನ್ನೋದು ಗೊತ್ತಿದ್ರ ಅರ್ಧ ಗೊಂದಲ ಹೋಗ್ತೈತಿ. ವಿಎಂವೇರ್ ಕಂಪನಿಯ ಹೈಪರ್‌ವೈಸರ್‌ನಾಗ ಇ1000 ಅನ್ನೋದು ಇಂಟೆಲ್‌ನ ಹಳೇ ಗಿಗಾಬಿಟ್ ಕಾರ್ಡಿನ ಅನುಕರಣೆ, ಅದಕ್ಕ ಅದು 1 ಜಿಬಿಪಿಎಸ್ ಅಂತೈತಿ. ವಿಎಂಎಕ್ಸ್‌ನೆಟ್3 ಯಾವ ನಿಜವಾದ ಕಾರ್ಡಿನ ನಕಲೂ ಅಲ್ಲ, ವಿಎಂಗಂತ ಹೊಸದಾಗಿ ಮಾಡಿದ್ದು, ಕೆಳಗ 1 ಗಿಗಾ ಕಾರ್ಡ್ ಇರ್ಲಿ 25 ಗಿಗಾ ಇರ್ಲಿ ಅದು 10 ಅಂತೈತಿ. ಲಿನಕ್ಸಿನ ಹೈಪರ್‌ವೈಸರ್ ಕೆವಿಎಂ ಕಡೆ ಬಂದ್ರ ಅದರ ವರ್ಟಿಯೋ ಅನ್ನೋ ವರ್ಚುವಲ್ ಕಾರ್ಡಿಗೆ ಯಾರೂ ಸ್ಪೀಡ್ ಹೇಳಿಕೊಡದಿದ್ರ ಲಿನಕ್ಸ್ ಮೈನಸ್ 1 ಅಂತ ಇಟ್ಕೊಂತೈತಿ, ಇಥ್‌ಟೂಲ್ ಅದನ್ನ ನೋಡಿ ‘ಅನ್‌ನೋನ್’ ಅಂತೈತಿ. ಅದೇ ವಿಎಂಗೆ ಹೋಸ್ಟ್ (ವಿಎಂ ಓಡಸೋ ಸರ್ವರ್) ಕಡೆಯಿಂದ ಜೋಡಿಸಿರೋ ಟ್ಯಾಪ್ ಅನ್ನೋ ವರ್ಚುವಲ್ ಇಂಟರ್‌ಫೇಸ್ ನೋಡಿದ್ರ ಹಳೇ ಲಿನಕ್ಸ್ ಕರ್ನಲ್‌ನಾಗ 10 ಎಂಬಿಪಿಎಸ್ ಅಂತ ಇರ್ತೈತಿ, ಅದನ್ನ ನೋಡಿ ಗಾಬರಿಯಾಗಿ ಸ್ವಿಚ್ ಬದಲಿ ಮಾಡೋಕೆ ಹೋಗಬ್ಯಾಡ್ರಿ.

ಇನ್ನೊಂದು ಮಾತು, ಈ ನಂಬರ್ ಬ್ರೇಕೂ ಅಲ್ಲ. 1 ಜಿಬಿಪಿಎಸ್ ಅಂತ ಹೇಳೋ ಇ1000 ಒಳಗ ಅಷ್ಟಕ್ಕ ನಿಲ್ಲು ಅನ್ನೋ ಕಟ್ಟುಪಾಡು ಏನೂ ಇಲ್ಲ, ಸಿಪಿಯು ಸಾಲಿದ್ರ ಅದಕ್ಕಿಂತ ಜಾಸ್ತೀನೂ ಹೋಗ್ತೈತಿ, ಸಾಲದಿದ್ರ ಕಮ್ಮಿ. ಒಂದ ಹೋಸ್ಟಿನಾಗ, ಒಂದ ವರ್ಚುವಲ್ ಸ್ವಿಚ್ಚಿಗೆ ಸೇರಿದ ಎರಡು ವಿಎಂ ತಮ್ಮೊಳಗ ಮಾತಾಡಿದ್ರ ಡೇಟಾ ಹೊರಗಿನ ಕೇಬಲಿಗೆ ಹೋಗೋದ ಇಲ್ಲ, ಮೆಮೊರಿಯಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಆಗ್ತೈತಿ, ಆಗ ವಿಎಂಎಕ್ಸ್‌ನೆಟ್3 ಹೇಳಿದ 10ನೂ ದಾಟಬಹುದು. ಅದೇ ವಿಎಂ ಹೊರಗಿನ ಲ್ಯಾಪ್‌ಟಾಪಿಗೆ ಫೈಲ್ ಕಳಿಸಿದ್ರ 1 ಗಿಗಾ ಕೇಬಲಿನಾಗ ಹೆಡರ್ (ಪ್ರತಿ ಪ್ಯಾಕೆಟ್ಟಿಗೆ ಅಂಟಿಸೋ ವಿಳಾಸದಂಥ ಮಾಹಿತಿ) ಖರ್ಚು ಕಳೆದು ಸುಮಾರು 940 ಎಂಬಿಪಿಎಸ್ ಅಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ಕಾಗದದಾಗ ಬರೆದ ಕ್ಯೂಸೆಕ್ ಬೇರೆ, ಮಾನ್ವಿ ಆಚೆ ಟೇಲ್ ಎಂಡಿನ ಹೊಲಕ್ಕ ಬಂದು ಮುಟ್ಟೋ ನೀರು ಬೇರೆ ಅಂತ ನಮ್ಮ ಕಡೆ ರೈತ್ರಿಗೆ ಯಾರೂ ಹೇಳಿಕೊಡಬೇಕಿಲ್ಲ, ಇದೂ ಹಂಗ. ಹಂಗಂತ ಇ1000 ಇಟ್ಕೊಂಡ ಇರ್ರಿ ಅಂತ ಅಲ್ಲ, ವಿಎಂಎಕ್ಸ್‌ನೆಟ್3ಗೆ ಬದಲಾಯಿಸೋದು ಒಳ್ಳೇದ, ಆದ್ರ ಕಾರಣ ಆ 10 ಅಲ್ಲ, ಅಷ್ಟ ಕೆಲಸಕ್ಕ ಸಿಪಿಯು ಕಮ್ಮಿ ತಿಂತೈತಿ ಅನ್ನೋದು.

ಇಷ್ಟ ಆಗಿದ್ರ ಸುಮ್ನ ಬಿಡಬಹುದಿತ್ತು. ನಿಜವಾದ ತೊಂದರೆ ಮಾನಿಟರಿಂಗ್‌ನಾಗ ಐತಿ, ಇದನ್ನ ಮಾತ್ರ ಗಮನ ಕೊಟ್ಟು ಓದ್ರಿ. ‘ನೆಟ್‌ವರ್ಕ್ ಎಷ್ಟು ಪರ್ಸೆಂಟ್ ಬಳಕೆ ಆಗೈತಿ’ ಅಂತ ತೋರಸೋ ಟೂಲುಗಳು ಹೋದ ಡೇಟಾವನ್ನ ಈ ಲಿಂಕ್ ಸ್ಪೀಡಿನಿಂದ ಭಾಗಿಸ್ತಾವ, ಭಾಗಿಸೋ ನಂಬರ್ ತಪ್ಪಾದ್ರ ಉತ್ತರನೂ ತಪ್ಪ. ರಾತ್ರಿ ಬ್ಯಾಕಪ್ ಓಡುವಾಗ ವಿಎಂ 940 ಎಂಬಿಪಿಎಸ್ ಕಳಸ್ತೈತಿ ಅಂತ ಇಟ್ಕೊಳ್ರಿ, ಅಂದ್ರ ಕೇಬಲ್ ಪೂರ್ತಿ ತುಂಬೈತಿ, ಆದ್ರ ಟೂಲು 10 ಜಿಬಿಪಿಎಸ್‌ನಿಂದ ಭಾಗಿಸಿ 9.4 ಪರ್ಸೆಂಟ್ ಅಂತೈತಿ, ನೀವು 80 ಪರ್ಸೆಂಟಿಗೆ ಇಟ್ಟ ಅಲರ್ಟ್ ಜನ್ಮದಾಗ ಬರೋದಿಲ್ಲ. ಉಲ್ಟಾನೂ ಆಗ್ತೈತಿ. ಎಸ್‌ಎನ್‌ಎಂಪಿ ಅಂದ್ರ ಮಷೀನಿನ ಲೆಕ್ಕಗಳನ್ನ ದೂರದಿಂದ ಕೇಳೋ ಪದ್ಧತಿ, ಲಿನಕ್ಸಿನಾಗ ಅದಕ್ಕ ಉತ್ತರ ಕೊಡೋ ನೆಟ್ ಎಸ್‌ಎನ್‌ಎಂಪಿ ಸ್ಪೀಡ್ ಸಿಗದಿದ್ರ 10 ಎಂಬಿಪಿಎಸ್ ಅಂತ ತಾನ ಅಂದಾಜು ಮಾಡ್ಕೊಂಬಹುದು, ಆಗ 300 ಎಂಬಿಪಿಎಸ್ ಹೋದ್ರ 3000 ಪರ್ಸೆಂಟ್. ಎಂಆರ್‌ಟಿಜಿ ಅನ್ನೋ ಟ್ರಾಫಿಕ್ ಗ್ರಾಫ್ ಟೂಲು ಬಳಸೋರಿಗೆ ಇದು ಇನ್ನೂ ಕೆಟ್ಟದ್ದು, ಅದರ ಕಾನ್ಫಿಗ್ ತಯಾರು ಮಾಡೋ ಟೂಲು ಇದೇ ಸ್ಪೀಡ್ ನೋಡಿ ಮ್ಯಾಕ್ಸ್‌ಬೈಟ್ಸ್ 1250000 (10 ಎಂಬಿಪಿಎಸ್ಸನ್ನ ಬೈಟಿಗೆ ತಿರುಗಿಸಿದ್ದು) ಅಂತ ಬರೀತೈತಿ, ಅದಕ್ಕಿಂತ ಮ್ಯಾಲ ಬಂದ ರೀಡಿಂಗ್ ಎಲ್ಲ ತಪ್ಪು ಅಂತ ಬಿಟ್ಟಬಿಡ್ತೈತಿ, ಹಂಗಾಗಿ ಟ್ರಾಫಿಕ್ ಜೋರಾಗಿರೋ ಹೊತ್ತಿನಾಗನ ಗ್ರಾಫಿಗೆ ಹೊಸ ಲೆಕ್ಕ ಸಿಗೋದಿಲ್ಲ, ಯಾವ ಹೊತ್ತು ನೋಡಬೇಕಿತ್ತೋ ಆ ಹೊತ್ತಿನ ಲೆಕ್ಕಾನ ಹೋಗ್ತೈತಿ.

ಎಸ್‌ಎನ್‌ಎಂಪಿಯಾಗ ಇನ್ನೊಂದು ಹಳೇ ಗಂಟು ಐತಿ. ಇಫ್‌ಸ್ಪೀಡ್ ಅನ್ನೋ ಲೆಕ್ಕ 32 ಬಿಟ್ಟಿನದ್ದು, ಅದರಾಗ ಹಿಡಿಯೋ ದೊಡ್ಡ ನಂಬರ್ 4294967295, ಅಂದ್ರ ಸುಮಾರು 4.29 ಜಿಬಿಪಿಎಸ್, 10 ಗಿಗಾ ಅನ್ನೋ ಕಾರ್ಡೂ ಅಲ್ಲಿ 4.29 ಅಂತ ಕಾಣ್ತೈತಿ. ಅದಕ್ಕ ಇಫ್‌ಹೈಸ್ಪೀಡ್ ಓದಬೇಕು, ಅದು ಎಂಬಿಪಿಎಸ್ ಲೆಕ್ಕದಾಗ ಇರ್ತೈತಿ. ಡೇಟಾ ಎಣಿಸೋ 32 ಬಿಟ್ ಕೌಂಟರಿಗೂ ಇದ ರೋಗ, 1 ಗಿಗಾ ಪೂರ್ತಿ ಓಡಿದ್ರ 34 ಸೆಕೆಂಡಿಗೆ ತುಂಬಿ ಸೊನ್ನೆಗೆ ಬರ್ತೈತಿ, 5 ನಿಮಿಷಕ್ಕ ಒಮ್ಮೆ ಓದಿದ್ರ ಏನೂ ಗೊತ್ತಾಗೋದಿಲ್ಲ, 64 ಬಿಟ್ ಕೌಂಟರ್ ಹಾಕ್ರಿ. ಪ್ರೊಮಿಥಿಯಸ್ ಅನ್ನೋ ಮಾನಿಟರಿಂಗ್ ಟೂಲು ನೋಡೋರಿಗೆ ವಿಎಂ ಸ್ಪೀಡ್ ಮೈನಸ್ 125000 ಅಂತ ಕಂಡ್ರ ಅದು ಆ ಮೈನಸ್ 1 ಎಂಬಿಪಿಎಸ್ಸನ್ನ ಬೈಟಿಗೆ ತಿರುಗಿಸಿದ್ದು ಅಷ್ಟ.

ಸರಿ ಮಾಡೋದು ಕಷ್ಟ ಇಲ್ಲ. ನೆಟ್ ಎಸ್‌ಎನ್‌ಎಂಪಿ ಸರ್ವಿಸಿನ (ಎಸ್‌ಎನ್‌ಎಂಪಿಡಿ) ಕಾನ್ಫಿಗ್ ಫೈಲಿನಾಗ ಇಂಟರ್‌ಫೇಸ್ ಅಂತ ಒಂದು ಸಾಲು ಬರೆದು ಕಾರ್ಡಿನ ಹೆಸರು, ಟೈಪ್ 6 (ಇಥರ್‌ನೆಟ್), ಸ್ಪೀಡ್ 1000000000 ಅಂತ ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡ್ರಿ. ಕೆವಿಎಂ ಆದ್ರ ವಿಎಂಗೆ ವರ್ಚುವಲ್ ಕಾರ್ಡು ಮಾಡಿಕೊಡೋ ಕ್ಯೂಇಎಂಯು ಕಡೆಯಿಂದನ ವರ್ಟಿಯೋ ಕಾರ್ಡಿಗೆ ಸ್ಪೀಡ್, ಡ್ಯೂಪ್ಲೆಕ್ಸ್ (ಒಮ್ಮೆಲೇ ಎರಡೂ ದಿಕ್ಕಿಗೋ ಒಂದ ದಿಕ್ಕಿಗೋ ಅನ್ನೋದು) ಹೇಳಬಹುದು, ವಿಎಂ ಒಳಗ ಇಥ್‌ಟೂಲಿನಿಂದನೂ ಹಾಕಬಹುದು, ಹಾಕಿದ್ರ ವೇಗ ಏನೂ ಬದಲಾಗೋದಿಲ್ಲ, ಹೇಳೋ ನಂಬರ್ ಬದಲಾಗ್ತೈತಿ. ವಿಎಂ ಒಳಗ ಎರಡು ಕಾರ್ಡ್ ಸೇರಿಸಿ ಎಲ್‌ಎಸಿಪಿ ಬಾಂಡಿಂಗ್ (ಎರಡನ್ನೂ ಒಂದ ಲಿಂಕ್ ಹಂಗ ಬಳಸೋದು) ಮಾಡೋರಿಗೆ ಮಾತ್ರ ಇದು ಬೇಕ ಬೇಕು, ಸ್ಪೀಡ್ ಗೊತ್ತಿಲ್ಲದ ಕಾರ್ಡನ್ನ ಬಾಂಡ್ ಸರಿಯಾಗಿ ಸೇರಿಸ್ಕೊಳ್ಳೋದಿಲ್ಲ. ಮೂರು ವಿಎಂ ಒಂದ ಕೇಬಲ್ ಹಂಚ್ಕೊಂಡಾಗ ಒಂದೊಂದಕ್ಕ ಎಷ್ಟು ಅಂತ ಬರೀಬೇಕು ಅಂತ ಕೇಳಿದ್ರ, ನನ್ನ ಪ್ರಕಾರ ಪರ್ಸೆಂಟ್ ಲೆಕ್ಕಾನ ವಿಎಂ ಮ್ಯಾಲ ಇಡಬಾರ್ದು: ಸ್ವಿಚ್ ಪೋರ್ಟಿಗೋ ಹೋಸ್ಟಿನ ನಿಜವಾದ ಕಾರ್ಡಿಗೋ ಪರ್ಸೆಂಟ್ ಇಡ್ರಿ, ವಿಎಂಗೆ ಬರೇ ಎಂಬಿಪಿಎಸ್ ಗ್ರಾಫ್ ಸಾಕು, ಯಾರು ಎಷ್ಟು ತಿಂದ್ರು ಅಂತ ಗೊತ್ತಾಗ್ತೈತಿ.

ಕ್ಲೌಡಿನಾಗಂತೂ ಒಳಗ ಕಾಣೋ ನಂಬರ್ ನೋಡಲೇಬ್ಯಾಡ್ರಿ. ನೀವು ತಗೊಂಡ ಸೈಜಿಗೆ ಎಷ್ಟು ಅಂತ ಹೊರಗಿನಿಂದ ಮಿತಿ ಹಾಕಿರ್ತಾರ, ಅದು ಅವರ ಡಾಕ್ಯುಮೆಂಟಿನಾಗ ಇರ್ತೈತಿ. ಮೈಕ್ರೋಸಾಫ್ಟಿನ ಅಜೂರ್‌ನಾಗ ಆ ಮಿತಿ ಹೊರಗ ಹೋಗೋ ಡೇಟಾಕ್ಕ ಮಾತ್ರ, ಅಮೆಜಾನಿನ ಎಡಬ್ಲ್ಯೂಎಸ್ ಟಿ3 ಥರದ ಸಣ್ಣ ಮಷೀನಿಗೆ ‘5 ಗಿಗಾಬಿಟ್‌ವರೆಗೆ’ ಅಂತ ಬರೆದಿದ್ದು ಸ್ವಲ್ಪ ಹೊತ್ತಿನ ಬರ್ಸ್ಟ್, ದಿನಪೂರ್ತಿ ಸಿಗೋದಲ್ಲ.

ನಿಜವಾದ ವೇಗ ಬೇಕಂದ್ರ ಐಪರ್ಫ್3 ಅನ್ನೋ ವೇಗ ಅಳೆಯೋ ಟೂಲು ಹಾಕಿ ಅಳೀರಿ. ಅಳೆಯುವಾಗ ಇನ್ನೊಂದು ತುದಿ ಅದ ಹೋಸ್ಟಿನ ವಿಎಂ ಆಗಿರಬಾರ್ದು, ಕೇಬಲಿನ ಆಚೆ ಇರೋ ಬೇರೆ ಮಷೀನ್ ಬೇಕು, ಎರಡೂ ದಿಕ್ಕಿಗೆ ಅಳೀಬೇಕು. ಬರೇ ಫೈಲ್ ಕಾಪಿ ಮಾಡಿ ನೋಡಿದ್ರ ಸೆಕೆಂಡಿಗೆ 110 ಚಿಲ್ಲರೆ ಮೆಗಾಬೈಟ್ ಬಂದ್ರ 1 ಗಿಗಾ ಲಿಂಕ್ ತುಂಬೈತಿ ಅಂತಾನ ಅರ್ಥ, 940ನ್ನ 8ರಿಂದ ಭಾಗಿಸಿ ನೋಡ್ರಿ, ಅದಕ್ಕಿಂತ ಬಾಳ ಕಮ್ಮಿ ಬಂದ್ರ ನೆಟ್‌ವರ್ಕ್ ಬೈಯೋಕಿಂತ ಮೊದ್ಲ ಡಿಸ್ಕ್ ನೋಡ್ರಿ, ಒಂದ ಹಾರ್ಡ್ ಡಿಸ್ಕಿನ ಮ್ಯಾಲ ಮೂರು ವಿಎಂ ಕುಂತಿದ್ರ ಅಲ್ಲೇ ನಿಂತಿರ್ತೈತಿ.